ಕೆರೆಹಕ್ಕಿ ಸತ್ತರೆ ಯಾರಿಗೆ ಹೇಳಬೇಕು? – ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಶಿವಮೊಗ್ಗ ಜಿಲ್ಲೆ

ವಿಷಯ: ಕೆರೆ, ಹೊಳೆಗಳಲ್ಲಿ ಕಾಡುಹಕ್ಕಿಗಳು ಗುಂಪಾಗಿ ಸತ್ತಾಗ ದೂರು ಪಡೆದು, ಮಾದರಿ ತೆಗೆದು, ಪರೀಕ್ಷೆ ಮಾಡಿಸುವ ವ್ಯವಸ್ಥೆ ಕೋರಿ.

ಮಾನ್ಯರೇ,

ನಾನು ಸೊರಬ ತಾಲ್ಲೂಕಿನ ಒಂದು ಹಳ್ಳಿಯವಳು. 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ನಮ್ಮ ಶಾಲೆಯ ಹಿಂಬದಿಗೇ ಊರ ಕೆರೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಏರಿ ಮೇಲೆ ಸಾಲಾಗಿ ಕೂರಿಸಿ ಹಕ್ಕಿ ಎಣಿಸುತ್ತಿದ್ದೆವು. ಕೂಡುವ ಲೆಕ್ಕ ಸಲೀಸಾಗಲಿ ಅಂತ ಶುರು ಮಾಡಿದ್ದು, ಹಾಗೇ ಬೆಳೆದುಕೊಂಡು ಹೋಯಿತು. 11 ವರ್ಷದ ಲೆಕ್ಕ ನಾಲ್ಕು ನೋಟ್‌ಬುಕ್ಕುಗಳಲ್ಲಿ ನನ್ನ ಹತ್ತಿರ ಇದೆ. ನಿವೃತ್ತಿಯಾದ ಮೇಲೂ ಎಣಿಸುವುದು ಬಿಟ್ಟಿಲ್ಲ. ಈ ಪತ್ರ ಬರೆಯಲು ಕಾರಣ ಆ ನೋಟ್‌ಬುಕ್ಕಿನ ಮೂರು ಪುಟಗಳು.

ಈ ವರ್ಷ ಸಂಕ್ರಾಂತಿ ಕಳೆದ ಮೂರನೇ ದಿನ. ಬೆಳಗ್ಗೆ ಮಂಜು ಇನ್ನೂ ಏಳುತ್ತಿತ್ತು. ತೂಬಿನ ಹತ್ತಿರ ಒಂದು ಸಿಳ್ಳೆಬಾತು ನೀರಲ್ಲಿ ಸುತ್ತುತ್ತಿತ್ತು. ಗಾಣದ ಎತ್ತಿನ ಹಾಗೆ ಒಂದೇ ಕಡೆಗೆ ಸುತ್ತುತ್ತಿತ್ತು. ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡಿತ್ತು, ಒಂದು ರೆಕ್ಕೆ ನೀರಲ್ಲಿ ಎಳೆದಾಡುತ್ತಿತ್ತು. ನಾನು ಹತ್ತಿರ ಹೋದರೂ ಹಾರಲಿಲ್ಲ. ಸಿಳ್ಳೆಬಾತು ಎಂಥ ಪುಕ್ಕಲು ಹಕ್ಕಿ ಅಂತ ನೋಡಿದವರಿಗೆ ಗೊತ್ತು, ಏರಿ ಮೇಲೆ ನೆರಳು ಕಂಡರೆ ಸಾಕು, ಇಡೀ ಹಿಂಡು ಸಿಳ್ಳೆ ಹಾಕುತ್ತಾ ಎದ್ದುಬಿಡುತ್ತದೆ. ಇದು ಸುತ್ತುತ್ತಲೇ ಇತ್ತು. ಕಣ್ಣಿಗೆ ಹಾಲಿನ ಪೊರೆ ಬಂದ ಹಾಗಿತ್ತು. ಸ್ವಲ್ಪ ಹೊತ್ತಿಗೆ ತಲೆ ನೀರಿಗಿಟ್ಟಿತು, ಮತ್ತೆ ಎತ್ತಲಿಲ್ಲ.

ಜೊಂಡಿನ ಬುಡದಲ್ಲಿ ಇನ್ನೂ ನಾಲ್ಕು ಸತ್ತು ಬಿದ್ದಿದ್ದವು. ಎಲ್ಲಾ ಸಿಳ್ಳೆಬಾತುಗಳೇ. ಮಾರನೇ ದಿನ ಆರು ಸಿಕ್ಕವು, ಅದರಲ್ಲಿ ಎರಡು ನಾಮದ ಕೋಳಿ. ಮೂರನೇ ದಿನ ಮತ್ತೆ ಮೂರು. ಒಟ್ಟು 14. 11 ವರ್ಷದಲ್ಲಿ ನಮ್ಮ ಕೆರೆಯಲ್ಲಿ ಒಂದು ಚಳಿಗಾಲಕ್ಕೆ ಸತ್ತ ಹಕ್ಕಿ ಅಂತ ನಾನು ಬರೆದುಕೊಂಡಿದ್ದು ಹೆಚ್ಚೆಂದರೆ ಎರಡು. ಅದೂ ನಾಯಿ ಹಿಡಿದದ್ದು, ಬಲೆಗೆ ಸಿಕ್ಕಿದ್ದು.

ಮೊದಲನೇ ದಿನವೇ ಇನ್ನೊಂದು ನೋಡಿದೆ. ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಕೆರೆ ಕಡೆಯಿಂದ ಒಂದು ಬಾತನ್ನು ಕಾಲು ಹಿಡಿದು ತೂಗಾಡಿಸಿಕೊಂಡು ಬರುತ್ತಿದ್ದ. "ಅಕ್ಕೋರೆ, ಬಾತು ಸಿಕ್ತು!" ಅಂದ. ಅವನ ಮುಖದಲ್ಲಿ ಏನು ಖುಷಿ! ಅಲ್ಲೇ ಕೆಳಗಿಡಿಸಿ, ನಮ್ಮ ಮನೆ ನಲ್ಲಿಯಲ್ಲಿ ಬಟ್ಟೆ ಸೋಪು ಹಾಕಿ ಮೊಣಕೈ ತನಕ ಎರಡು ಸಲ ತೊಳೆಸಿದೆ. ಅವನ ತಾಯಿ ಓಡಿ ಬಂದಳು. "ಸತ್ತದ್ದಲ್ಲ ಅಕ್ಕೋರೆ, ಜೀವ ಇತ್ತಂತೆ. ಒಂದು ಸಾರಿಗಾಗ್ತಿತ್ತು," ಅಂದಳು. ಅವಳದು ತಪ್ಪು ಅಂತ ನಾನು ಹೇಳುವುದಿಲ್ಲ. ಅವಳಿಗೆ ಯಾರೂ ಏನೂ ಹೇಳಿಲ್ಲ. ಹೇಳುವ ಜವಾಬ್ದಾರಿ ಯಾರದು ಅಂತಲೇ ಗೊತ್ತಿಲ್ಲ.

ಅವತ್ತು ಬೆಳಗ್ಗೆಯಿಂದ ಫೋನು ಮಾಡಿದೆ. ಯಾವ ಯಾವ ಕಚೇರಿ ಅಂತ ಇಲ್ಲಿ ಬರೆಯುವುದಿಲ್ಲ. ಮಾತಾಡಿದವರು ಯಾರೂ ಒರಟಾಗಿ ಮಾತಾಡಲಿಲ್ಲ, ಒಬ್ಬರನ್ನು ಹಿಡಿದು ದೂರುವುದು ನನ್ನ ಉದ್ದೇಶವೂ ಅಲ್ಲ. ಮೊದಲನೇ ಕಚೇರಿಯವರು, "ಮೇಡಂ, ಸಾಕಿದ ಕೋಳಿ ಸತ್ತಿದ್ದರೆ ಬರುತ್ತಿದ್ದೆವು, ಕಾಡುಹಕ್ಕಿ ನಮಗೆ ಬರುವುದಿಲ್ಲ," ಅಂದರು. ಎರಡನೇ ಕಚೇರಿಯವರು, "ಕಾಡಿನೊಳಗೆ ಆಗಿದ್ದರೆ ನೋಡಬಹುದಿತ್ತು, ಕೆರೆ ಪಂಚಾಯಿತಿಯದು, ರೋಗ ಅಂದರೆ ಡಾಕ್ಟರಿಗೆ ಹೇಳಿ," ಅಂದರು. ಮೂರನೆಯವರು, "ಊರಲ್ಲಿ ಮನುಷ್ಯರಿಗೆ ಜ್ವರ ಬಂದಿದೆಯಾ?" ಅಂತ ಕೇಳಿದರು. ಇಲ್ಲ ಅಂದೆ. "ಬಂದರೆ ತಿಳಿಸಿ," ಅಂದರು.

ಈ ಕೊನೆಯ ಮಾತು ನನಗೆ ಆ ರಾತ್ರಿ ನಿದ್ದೆ ಕೊಡಲಿಲ್ಲ. ಮನುಷ್ಯರಿಗೆ ಬಂದ ಮೇಲೆ ತಿಳಿಸುವುದಕ್ಕೆ ನಾನು ಯಾಕೆ ಬೇಕು?

ಮೂರನೇ ದಿನ ಮಧ್ಯಾಹ್ನ ಒಬ್ಬ ಹುಡುಗ ಬೈಕಿನಲ್ಲಿ ಬಂದ. ಇಲಾಖೆಯ ಕೆಳಗಿನ ಹುದ್ದೆಯವನು. ಯಾರೂ ಕಳಿಸಿರಲಿಲ್ಲ, ವಿಷಯ ಕೇಳಿ ತಾನೇ ಬಂದಿದ್ದ. ಅವನ ಕೈಯಲ್ಲಿ ಒಂದು ಜೊತೆ ಗ್ಲೌಸ್ ಬಿಟ್ಟರೆ ಏನಿರಲಿಲ್ಲ. "ಸ್ವಾಬ್ ಇಲ್ಲ, ಐಸ್ ಪೆಟ್ಟಿಗೆ ಇಲ್ಲ, ತೆಗೆದರೂ ಎಲ್ಲಿಗೆ ಕಳಿಸಬೇಕು ಅಂತ ಆರ್ಡರ್ ಇಲ್ಲ ಅಕ್ಕೋರೆ," ಅಂದ. ಅಷ್ಟರಲ್ಲಿ ಹಕ್ಕಿಗಳು ಕೊಳೆತು ನಾರುತ್ತಿದ್ದವು. ಎರಡನ್ನು ನಾಯಿ ಎಳೆದುಕೊಂಡು ಹೋಗಿತ್ತು. ಉಳಿದ 12 ಹಕ್ಕಿಗಳನ್ನು ಏರಿಯ ಆಚೆ ಎದೆಮಟ್ಟ ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿದೆವು. ಅವನೇ ನಿಂತು ಮಾಡಿಸಿದ. ಬಾಯಿಗೆ ಟವೆಲು ಕಟ್ಟಿಕೊಂಡು ಗುಂಡಿ ತೋಡಿದ ನಮ್ಮೂರಿನ ಇಬ್ಬರು ಕೂಲಿ ಕೊಟ್ಟರೂ ತೆಗೆದುಕೊಳ್ಳಲಿಲ್ಲ.

ನಿಮಗೆ ಗೊತ್ತಿರುವ ವಿಷಯವೇ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಪ್ರಾಣಿ ಸತ್ತು ಬಿದ್ದರೂ ಅದು ಸರಕಾರದ ಸ್ವತ್ತು. ನಾವು ಮುಟ್ಟುವ ಹಾಗಿಲ್ಲ. ಮುಟ್ಟಬೇಕಾದವರು ಬರುವುದಿಲ್ಲ. ನಡುವೆ ಹಕ್ಕಿ ಕೊಳೆಯುತ್ತದೆ, ನಾಯಿ ತಿನ್ನುತ್ತದೆ, ಮಗು ಮನೆಗೆ ಹೊತ್ತುಕೊಂಡು ಹೋಗುತ್ತದೆ.

ಆ ಹಕ್ಕಿಗಳಿಗೆ ಹಕ್ಕಿ ಜ್ವರ ಬಂದಿತ್ತು ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಇದನ್ನು ಗಮನಿಸಬೇಕು. ಗದ್ದೆಗೆ ಹಾಕಿದ ವಿಷ ಇರಬಹುದು. ನಾಟಿ ಕೋಳಿಗೆ ಬರುವ ರಾಣಿಖೇತ್ ಇರಬಹುದು, ಅದಕ್ಕೆ ನಮ್ಮ ಕಡೆ ಕೊಕ್ಕರೆ ರೋಗ ಅಂತಲೇ ಹೆಸರು. ಬೇರೆ ಏನಾದರೂ ಇರಬಹುದು. ಕಣ್ಣಲ್ಲಿ ನೋಡಿ ಯಾರಿಗೂ ಹೇಳುವುದಕ್ಕೆ ಆಗುವುದಿಲ್ಲ, ಪರೀಕ್ಷೆಯೇ ಆಗಬೇಕು. ಪರೀಕ್ಷೆ ಮಾಡಬಹುದಾಗಿದ್ದ ಮೂರು ದಿನ ನಮ್ಮ ಕಣ್ಣೆದುರೇ ಹೋಯಿತು. ನನ್ನ ದೂರು ಅದೊಂದೇ.

ಪರೀಕ್ಷೆ ಯಾಕೆ ಮುಖ್ಯ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಆದ ಸಂಗತಿಗಳಿವೆ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ 18 ಸಾವಿರಕ್ಕೂ ಜಾಸ್ತಿ ಹಕ್ಕಿಗಳು ಸತ್ತವು. ಹಕ್ಕಿ ಜ್ವರ ಅಂತಲೇ ಎಲ್ಲರೂ ಹೆದರಿದರು. ಬರೇಲಿಯ ಪಶುವೈದ್ಯ ಸಂಶೋಧನಾ ಸಂಸ್ಥೆ ಪರೀಕ್ಷೆ ಮಾಡಿದಾಗ ಗೊತ್ತಾಗಿದ್ದು ಬಾಟ್ಯುಲಿಸಂ. ಅದು ಒಂದು ಬ್ಯಾಕ್ಟೀರಿಯಾ ಉಗುಳುವ ವಿಷ. ಸತ್ತ ಹಕ್ಕಿಯ ಮೈಯಲ್ಲಿ ಹುಳ ಬೀಳುತ್ತದೆ, ಆ ಹುಳದಲ್ಲಿ ವಿಷ ಸೇರಿಕೊಳ್ಳುತ್ತದೆ, ಹುಳ ತಿಂದ ಇನ್ನೊಂದು ಹಕ್ಕಿ ಸಾಯುತ್ತದೆ. ಒಂದು ಹೆಣ ಎತ್ತದೆ ಬಿಟ್ಟರೆ ಅದು ಹತ್ತಾರು ಹಕ್ಕಿಗೆ ಮೃತ್ಯು. ಅಲ್ಲಿ ಔಷಧಿಗಿಂತ ಹೆಚ್ಚು ಉಪಕಾರ ಮಾಡಿದ್ದು ಸತ್ತ ಹಕ್ಕಿಗಳನ್ನು ಬೇಗ ಬೇಗ ಎತ್ತಿ ಹೂಳಿದ್ದು.

ಅದಾದ ಮರು ವರ್ಷ, 2020ರ ಡಿಸೆಂಬರ್ ಕೊನೆಗೆ, ಹಿಮಾಚಲದ ಪಾಂಗ್ ಅಣೆಕಟ್ಟಿನ ಹಿನ್ನೀರಿನಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾಯಲು ಶುರುವಾದವು. ಸಾಂಭರಿನ ಹಾಗೇ ಕಂಡಿತು. ಆದರೆ ಅದು ಬಾಟ್ಯುಲಿಸಂ ಅಲ್ಲ, ನಿಜವಾದ ಹಕ್ಕಿ ಜ್ವರ, ಎಚ್‌5ಎನ್‌1. ಜನವರಿ ಮೊದಲ ವಾರದಲ್ಲೇ ಭೋಪಾಲದ ರಾಷ್ಟ್ರೀಯ ಉನ್ನತ ಭದ್ರತಾ ಪ್ರಾಣಿರೋಗ ಸಂಸ್ಥೆ ಖಚಿತ ಮಾಡಿ ಹೇಳಿತು. ಅಲ್ಲಿ ಸತ್ತದ್ದು ಸುಮಾರು 5,000 ಹಕ್ಕಿ. ಖಚಿತವಾಗಿದ್ದರಿಂದ ಸುತ್ತಲಿನ ಊರಿನವರಿಗೆ ಕೆರೆಗಿಳಿಯಬೇಡಿ, ಕೋಳಿ ಮಾಂಸ ಮಾರಬೇಡಿ ಅಂತ ಹೇಳುವುದಕ್ಕಾಯಿತು.

ನಮ್ಮ ರಾಜ್ಯದ್ದೇ ಹೇಳುವುದಾದರೆ ಕೊಕ್ಕರೆ ಬೆಳ್ಳೂರಿನಲ್ಲಿ 2017-18ರಲ್ಲಿ ಹೆಜ್ಜಾರ್ಲೆಗಳು ಮರದಿಂದ ಉದುರಿ ಸತ್ತಾಗ ಜನ ಗಾಬರಿಯಾಗಿದ್ದರು. ಹೊಟ್ಟೆ ಕೊಯ್ದು ನೋಡಿದರೆ ಜಂತುಹುಳ. ಒಂದೇ ಥರ ಕಾಣುವ ಸಾವು, ಮೂರು ಕಡೆ ಮೂರು ಕಾರಣ. ಒಂದಕ್ಕೆ ಹೆಣ ಎತ್ತಿದರೆ ಸಾಕು, ಇನ್ನೊಂದಕ್ಕೆ ಊರಿನ ಕೋಳಿಗಳನ್ನೆಲ್ಲ ಕಾಯಬೇಕು, ಮತ್ತೊಂದರಿಂದ ಮನುಷ್ಯರಿಗೆ ಭಯವೇ ಇಲ್ಲ. ಗೊತ್ತಿಲ್ಲದೆ ಸುಮ್ನೆ ಹೆದರುವುದೂ ತಪ್ಪು, ಗೊತ್ತಿಲ್ಲದೆ ಸುಮ್ಮನಿರುವುದೂ ತಪ್ಪು.

ಮಲೆನಾಡಿಗೆ ಹಕ್ಕಿ ಜ್ವರ ಎಲ್ಲಿಂದ ಬರಬೇಕು ಅಂತ ಕೆಲವರು ಕೇಳುತ್ತಾರೆ. ನಮ್ಮ ಕೆರೆಗೆ ನವೆಂಬರಿನಲ್ಲಿ ಬರುವ ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು ಇವೆಲ್ಲ ಮಧ್ಯ ಏಷ್ಯಾ, ಸೈಬೀರಿಯಾ ಕಡೆಯವು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಹಿಮಾಲಯವನ್ನೇ ದಾಟಿ ಬರುತ್ತದೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಕಾಡುಹಕ್ಕಿ ಎಚ್‌5ಎನ್‌1ನಿಂದ ಸತ್ತಾಗ ಅದರಲ್ಲಿ ಬಹುಪಾಲು ಇದೇ ಜಾತಿಯ ಹೆಬ್ಬಾತು. ಮರು ವರ್ಷ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದ ಕೋಳಿ ಫಾರಂಗಳಲ್ಲಿ ರೋಗ ಕಂಡಿತು. ಭಾರತಕ್ಕೆ ಅದೇ ಮೊದಲು. ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದ ಟರ್ಕಿ ಕೋಳಿಗಳಿಗೆ ಬಂತು. 2016ರ ಕೊನೆಗೆ ಮೈಸೂರು ಮೃಗಾಲಯದ ಹಕ್ಕಿಗಳಿಗೆ ಹಕ್ಕಿ ಜ್ವರದ ಇನ್ನೊಂದು ಬಗೆ, ಎಚ್‌5ಎನ್‌8 ಬಂದು, ಜನವರಿಯಲ್ಲಿ ಒಂದು ತಿಂಗಳು ಮೃಗಾಲಯಕ್ಕೇ ಬೀಗ ಬಿತ್ತು. 2020ರಲ್ಲಿ ಮೈಸೂರು ನಗರ, 2025ರಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಕಡೆ. ಇಷ್ಟು ಕಡೆ ಬಂದದ್ದು ಶಿವಮೊಗ್ಗದ ಗಡಿಯಲ್ಲಿ ನಿಲ್ಲುತ್ತದೆ ಅಂತ ಹೇಗೆ ನಂಬುವುದು?

ಎಲ್ಲದಕ್ಕೂ ವಲಸೆ ಹಕ್ಕಿಯೇ ಕಾರಣ ಅಂತಲೂ ನಾನು ಹೇಳುವುದಿಲ್ಲ. ಕೋಳಿ ಸಾಗಿಸುವ ಲಾರಿ, ಪಂಜರ, ಮೊಟ್ಟೆ ಟ್ರೇ, ಫಾರಂನ ಗೊಬ್ಬರ ಇವುಗಳಿಂದಲೂ ರೋಗ ಹರಡುತ್ತದೆ. ಕಾಡುಹಕ್ಕಿಯೇ ಎಷ್ಟೋ ಸಲ ಸಾಕಿದ ಕೋಳಿಯಿಂದ ರೋಗ ಹಚ್ಚಿಕೊಳ್ಳುತ್ತದೆ. ಆದರೆ ಎರಡೂ ಕೂಡುವ ಜಾಗ ಕೆರೆ. ನಮ್ಮಲ್ಲಿ ಕೊಯ್ಲಾದ ಗದ್ದೆಗೆ ರಾತ್ರಿ ಬಾತು ಇಳಿಯುತ್ತದೆ, ಬೆಳಗ್ಗೆ ಅದೇ ಗದ್ದೆಗೆ ಮನೆಯ ನಾಟಿ ಕೋಳಿ ಹೋಗುತ್ತದೆ. ಹಕ್ಕಿ ಜ್ವರದ ವೈರಸ್ ಬಾತುಗಳ ಕರುಳಲ್ಲಿ ಬೆಳೆದು ಹಿಕ್ಕೆಯಲ್ಲಿ ಹೊರಗೆ ಬರುತ್ತದೆ. ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಎಷ್ಟೋ ಜಾತಿಯ ಬಾತು ವೈರಸ್ ಹೊತ್ತುಕೊಂಡೂ ಆರಾಮಾಗಿ ಈಜಾಡುತ್ತಿರುತ್ತವೆ. ಆದ್ದರಿಂದ ಸತ್ತದ್ದನ್ನು ಪರೀಕ್ಷೆ ಮಾಡಿದರೆ ಸಾಲದು, ಬದುಕಿರುವ ಹಿಂಡಿನ ಹಸಿ ಹಿಕ್ಕೆಯನ್ನೂ ಆಗಾಗ ತೆಗೆದು ನೋಡಬೇಕು. ಹಕ್ಕಿಯನ್ನು ಮುಟ್ಟುವುದೇ ಬೇಡ.

ಇನ್ನೊಂದು ಹೇಳಬೇಕು. 2024ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಹಾಲು ಕರೆಯುವ ಹಸುಗಳಲ್ಲಿ ಇದೇ ಎಚ್‌5ಎನ್‌1 ಸಿಕ್ಕಿತು. ಆ ವರ್ಷದ ಕೊನೆಗೆ ನಾಗಪುರದ ಒಂದು ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಇದೇ ರೋಗದಿಂದ ಸತ್ತವು. ನಮ್ಮ ಜಿಲ್ಲೆಯಲ್ಲಿ ಕೊಟ್ಟಿಗೆ ಇಲ್ಲದ ಮನೆ ಎಷ್ಟಿದೆ? ತ್ಯಾವರೆಕೊಪ್ಪದ ಮೃಗಧಾಮದಲ್ಲಿ ಹುಲಿ, ಸಿಂಹಗಳಿವೆ. ಮನುಷ್ಯರಿಗೆ ಇದು ಅಪರೂಪ, ನಿಜ. 2003ರಿಂದ ಈಚೆಗೆ ಇಡೀ ಪ್ರಪಂಚದಲ್ಲಿ ಸುಮಾರು ಸಾವಿರ ಜನರಿಗೆ ಬಂದಿದೆ. ಆದರೆ ಬಂದವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ತೀರಿಕೊಂಡಿದ್ದಾರೆ. 2021ರಲ್ಲಿ ದೆಹಲಿಯಲ್ಲಿ ತೀರಿಕೊಂಡ ಹುಡುಗನಿಗೆ 11 ವರ್ಷ. ನಮ್ಮೂರಿನ ಹುಡುಗ ಬಾತು ತೂಗಾಡಿಸಿಕೊಂಡು ಬಂದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಸುದ್ದಿ.

ಮಾನ್ಯರೇ, ನಾನು ಹೊಸದೇನನ್ನೂ ಕೇಳುತ್ತಿಲ್ಲ. ಪ್ರಾಣಿ ಸತ್ತದ್ದನ್ನು ನೋಡಿ ಮನುಷ್ಯರನ್ನು ಕಾಯುವ ಕೆಲಸವನ್ನು ಇಡೀ ದೇಶದಲ್ಲಿ ನಮ್ಮ ಜಿಲ್ಲೆಯಷ್ಟು ಕಾಲ ಮಾಡಿದವರು ಕಡಿಮೆ. 1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲಿನ ಊರಿನವರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮಂಗ ಸಾಯುವುದು ನೋಡಿ ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಬಂತೋ ಅಂತ ಅನುಮಾನ ಅವರಿಗೆ. ಸಿಕ್ಕಿದ್ದು ಜಗತ್ತು ಕಂಡಿರದ ಹೊಸ ವೈರಸ್. ಉಣುಗಿನಿಂದ ಹರಡುವಂಥದ್ದು. ಮಂಗನ ಕಾಯಿಲೆ ಅಂತ ನಾವು ಕರೆಯುವ ಅದಕ್ಕೆ ಪ್ರಪಂಚದ ಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರೇ ನಿಂತಿದೆ.

ಆ ಕಥೆಯಲ್ಲಿ ಹಕ್ಕಿಗಳೂ ಇದ್ದವು ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಇಲ್ಲಿ ಸಿಕ್ಕ ವೈರಸ್ ರಷ್ಯಾದ ಕಾಡುಗಳ ಒಂದು ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ್ದು. ಅಷ್ಟು ದೂರದಿಂದ ಸೊರಬಕ್ಕೆ ಹೇಗೆ ಬಂತು? ವಲಸೆ ಹಕ್ಕಿಗಳ ಮೈಗೆ ಅಂಟಿಕೊಂಡ ಉಣುಗು ತಂದಿರಬಹುದೇ? ಈ ಅನುಮಾನ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಸಲೀಂ ಅಲಿಯವರ ಮುಂದಾಳತ್ವದಲ್ಲಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಶುರು ಮಾಡಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಆ ಅನುಮಾನ ಮುಂದೆ ಸಾಬೀತಾಗಲಿಲ್ಲ, ಹಕ್ಕಿಗಳು ನಿರಪರಾಧಿಗಳಾಗಿಯೇ ಉಳಿದವು. ಆದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವ ತಿಳಿವಳಿಕೆ ಇಡೀ ದೇಶಕ್ಕೆ ಸಿಕ್ಕಿತು. ಸೊರಬದ ಕಾಡಿನಲ್ಲಿ ಸತ್ತ ಮಂಗಗಳನ್ನು ಯಾರೋ ನೋಡಿ, ಯಾರಿಗೋ ಹೇಳಿ, ಅವರು ಬಂದು ನೋಡಿದ್ದರಿಂದ ಇದೆಲ್ಲ ಆಯಿತು. ಇದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ.

ಇವತ್ತಿಗೂ ನಮ್ಮೂರಿನ ಬೆಟ್ಟದಲ್ಲಿ ಒಂದು ಮುಸಿಯ ಸತ್ತರೆ ಏನು ಮಾಡಬೇಕು ಅಂತ ಸೌದೆ ತರುವ ಅಜ್ಜಿಗೂ ಗೊತ್ತು. ಮುಟ್ಟಬಾರದು. ಆಶಾ ಕಾರ್ಯಕರ್ತೆಗೋ, ಗಾರ್ಡಿಗೋ ಹೇಳಬೇಕು. ಅವರು ಬಂದು ಮರಣೋತ್ತರ ಪರೀಕ್ಷೆ ಮಾಡಿಸುತ್ತಾರೆ, ಹೆಣ ಸುಡುತ್ತಾರೆ, ಸುತ್ತ 50 ಅಡಿ ಉಣುಗು ಸಾಯುವ ಪುಡಿ ಹೊಡೆಯುತ್ತಾರೆ. ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಕಾಡಿಗೆ ಹೋಗಬೇಡಿ, ಹೋಗುವುದಾದರೆ ಉಣುಗು ಹತ್ತದ ಎಣ್ಣೆ ಹಚ್ಚಿಕೊಳ್ಳಿ ಅಂತ ಮನೆ ಮನೆಗೆ ಹೇಳುತ್ತಾರೆ. ಇದರಲ್ಲಿ ಕೊರತೆ ಇಲ್ಲ ಅಂತಲ್ಲ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆಗೆ ಮಂಗನ ಕಾಯಿಲೆ ಶುರುವಾಗಿ ಆದ ಸಾವುಗಳನ್ನು ಯಾರೂ ಮರೆತಿಲ್ಲ. ತಡವಾದರೆ ಏನಾಗುತ್ತದೆ ಅಂತ ಅಲ್ಲಿಯವರನ್ನೇ ಕೇಳಬೇಕು. ಆದರೂ ಹೇಳುವುದಕ್ಕೆ ಒಬ್ಬರು ಇದ್ದಾರೆ, ಬರುವುದಕ್ಕೆ ಒಬ್ಬರು ಇದ್ದಾರೆ. ಕೆರೆಹಕ್ಕಿಗೆ ಆ ಇಬ್ಬರೂ ಇಲ್ಲ.

ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ. ವಲಸೆ ಬಾತುಗಳು ಇರುವ ಕಾಲ ನವೆಂಬರಿನಿಂದ ಮಾರ್ಚ್. ಹತ್ತಿರ ಹತ್ತಿರ ಒಂದೇ ಕಾಲ. ಆಶಾ ಕಾರ್ಯಕರ್ತೆಯರು ಆಗಲೇ ಮನೆ ಮನೆಗೆ ಓಡಾಡುತ್ತಿರುತ್ತಾರೆ. ಅವರಿಗೆ ಇನ್ನಷ್ಟು ಹೊರೆ ಹೊರಿಸಿ ಅಂತ ನಾನು ಹೇಳುವುದಿಲ್ಲ, ಈಗಿರುವುದೇ ಜಾಸ್ತಿ. ಆದರೆ "ಸತ್ತ ಮಂಗ ಕಂಡಿತಾ?" ಅಂತ ಕೇಳುವಾಗ "ಕೆರೆಯಲ್ಲಿ ಸತ್ತ ಹಕ್ಕಿ ಕಂಡಿತಾ?" ಅಂತ ಇನ್ನೊಂದು ಮಾತು ಸೇರಿಸುವುದು ಕಷ್ಟವಲ್ಲ, ಅಲ್ವಾ?

ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಒಂದೇ ಒಂದು ಫೋನ್ ನಂಬರು. ಪಶುಪಾಲನೆ, ಅರಣ್ಯ, ಆರೋಗ್ಯ, ಪಂಚಾಯಿತಿ ಈ ನಾಲ್ಕರಲ್ಲಿ ಯಾವುದು ಮುಂದೆ ನಿಲ್ಲಬೇಕು ಅಂತ ತಾವು ಒಂದು ಆದೇಶದಲ್ಲಿ ಬರೆದುಕೊಡಬೇಕು. ಯಾವುದಾದರೂ ಸರಿ. ಉಳಿದ ಮೂರೂ ಜೊತೆಗಿರಲಿ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಬಗ್ಗೆ 2009ರ ಕಾಯ್ದೆ ಇದೆ, ಹಕ್ಕಿ ಜ್ವರಕ್ಕೆ ಕೇಂದ್ರದ ಕ್ರಿಯಾ ಯೋಜನೆ ಇದೆ. ಕೋಳಿ ಫಾರಂನಲ್ಲಿ ರೋಗ ಖಚಿತವಾದರೆ 1 ಕಿ.ಮೀ. ಒಳಗೆ ಏನು, 10 ಕಿ.ಮೀ. ತನಕ ಏನು ಅಂತ ಎಲ್ಲಾ ಬರೆದಿದೆ. ಅದು ರೋಗ ಖಚಿತವಾದ ಮೇಲಿನ ಮಾತು. ಊರ ಕೆರೆಯಲ್ಲಿ ಮೊದಲ ಹಕ್ಕಿ ಸತ್ತ ಬೆಳಗ್ಗೆ ಯಾರು ಹೊರಡಬೇಕು ಅನ್ನುವುದನ್ನು ಜಿಲ್ಲೆಯಲ್ಲೇ ತೀರ್ಮಾನ ಮಾಡಬೇಕು.

ಹೊರಟವರ ಕೈಯಲ್ಲಿ ಸಾಮಾನು ಇರಬೇಕು. ತಾಲ್ಲೂಕಿಗೊಂದು ಪೆಟ್ಟಿಗೆ ಸಾಕು. ಅದರಲ್ಲಿ ಸ್ವಾಬ್, ಸ್ವಾಬನ್ನು ಇಡುವ ದ್ರಾವಣದ ಟ್ಯೂಬು, ಐಸ್ ಪ್ಯಾಕು, ಗಟ್ಟಿ ಪ್ಲಾಸ್ಟಿಕ್ ಚೀಲ, ಗ್ಲೌಸ್, ಮಾಸ್ಕ್, ಬ್ಲೀಚಿಂಗ್ ಪೌಡರ್. ಸತ್ತ ಹಕ್ಕಿಯ ಗಂಟಲಿಂದ, ಗುದದಿಂದ ಸ್ವಾಬ್ ತೆಗೆದು ತಣ್ಣಗೆ ಇಟ್ಟು ಕಳಿಸಬೇಕು. ಬಿಸಿಲಿಗೆ ಬಿಟ್ಟರೆ ಮುಗಿಯಿತು, ಆಮೇಲೆ ಏನೂ ಸಿಗುವುದಿಲ್ಲ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೋಗ ಪತ್ತೆ ಮಾಡುವ ಸಂಸ್ಥೆ ಇದೆ, ಇಲ್ಲಿಂದ ಒಂದು ರಾತ್ರಿಯ ದಾರಿ. ಅಲ್ಲಿಂದ ಭೋಪಾಲಕ್ಕೆ ಕಳಿಸುವ ವ್ಯವಸ್ಥೆಯೂ ಇದೆ. ಸರಪಳಿಯ ಎಲ್ಲಾ ಕೊಂಡಿ ಇದೆ, ನಮ್ಮ ಕೆರೆ ಏರಿಯಿಂದ ತಾಲ್ಲೂಕಿನ ತನಕದ ಕೊಂಡಿ ಮಾತ್ರ ಇಲ್ಲ. ಬೈಕಿನಲ್ಲಿ ಬಂದ ಆ ಹುಡುಗನ ಹತ್ತಿರ ಈ ಪೆಟ್ಟಿಗೆ ಇದ್ದಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ.

ಇನ್ನು ಲೆಕ್ಕದ ಮಾತು. ಇದರ ಬಗ್ಗೆ ನನಗೆ ಸ್ವಲ್ಪ ಹೆಚ್ಚು ಹೇಳುವುದಿದೆ, ಮೇಷ್ಟರ ಕೆಲಸ ಮಾಡಿದವಳಾದ್ದರಿಂದ. 14 ಹಕ್ಕಿ ಸತ್ತದ್ದು ಜಾಸ್ತಿ ಅಂತ ನನಗೆ ಗೊತ್ತಾಗಿದ್ದು ಹಿಂದಿನ ವರ್ಷಗಳ ಲೆಕ್ಕ ಇದ್ದದ್ದರಿಂದ. ಲೆಕ್ಕ ಇಲ್ಲದ ಕೆರೆಯಲ್ಲಿ 14 ಸತ್ತರೆ ಅದು ಜಾಸ್ತಿಯೋ ಕಡಿಮೆಯೋ ಯಾರು ಹೇಳಬೇಕು? ಗುಡವಿ, ಮಂಡಗದ್ದೆ ಪಕ್ಷಿಧಾಮಗಳಲ್ಲಿ ಅರಣ್ಯ ಇಲಾಖೆಯವರು ಇದ್ದಾರೆ. ಮಂಡಗದ್ದೆಯ ನಡುಗಡ್ಡೆಯಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ ಒಂದರ ಪಕ್ಕ ಒಂದು ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ಅಷ್ಟು ಒತ್ತಾಗಿರುವ ಕಡೆ ಒಂದಕ್ಕೆ ರೋಗ ಬಂದರೆ ಎಲ್ಲದಕ್ಕೂ ಬಂದ ಹಾಗೆ. ಇವೆರಡು ಕಡೆ, ಭದ್ರಾ ಮತ್ತು ಲಿಂಗನಮಕ್ಕಿ ಹಿನ್ನೀರಿನಲ್ಲಿ, ತಾಲ್ಲೂಕಿಗೆ ನಾಲ್ಕೈದು ದೊಡ್ಡ ಕೆರೆಗಳಲ್ಲಿ ಹದಿನೈದು ದಿನಕ್ಕೊಮ್ಮೆ ಎಣಿಸಿ ಬರೆದಿಡಬೇಕು. ಎಷ್ಟು ಹಕ್ಕಿ, ಯಾವ ಜಾತಿ, ಸತ್ತದ್ದೆಷ್ಟು, ಹಾರಲಾಗದೆ ಕೂತದ್ದೆಷ್ಟು. ಏನೂ ಸತ್ತಿಲ್ಲ ಅಂದರೆ "ಸೊನ್ನೆ" ಅಂತಲೂ ಬರೆಯಬೇಕು. ಬರೆಯದೆ ಬಿಟ್ಟರೆ, ನೋಡಿ ಸೊನ್ನೆ ಬಂತೋ, ನೋಡಲು ಹೋಗಲೇ ಇಲ್ಲವೋ ಗೊತ್ತಾಗುವುದಿಲ್ಲ. ನಾನು ಮಕ್ಕಳಿಗೆ ಖಾಲಿ ಜಾಗ ಬಿಡಲು ಬಿಡುತ್ತಿರಲಿಲ್ಲ.

ಎಣಿಸುವವರಿಗೆ ಕೊರತೆ ಇಲ್ಲ. ಕುವೆಂಪು ವಿಶ್ವವಿದ್ಯಾಲಯದ ವನ್ಯಜೀವಿ ವಿಭಾಗದಲ್ಲಿ ಓದುವ ಮಕ್ಕಳಿದ್ದಾರೆ. ಊರೂರಿನಲ್ಲಿ ಕ್ಯಾಮೆರಾ ಹಿಡಿದು ಓಡಾಡುವ ಹುಡುಗರಿದ್ದಾರೆ. ಕೆರೆಯಲ್ಲಿ ಬಲೆ ಬೀಸುವವರಿಗೆ, ದನ ಕಾಯುವವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಅವರನ್ನು ಒಂದು ದಿನ ಕರೆದು ಹೇಳಿಕೊಟ್ಟರೆ ಸಾಕು. ಬರಿಗೈಯಲ್ಲಿ ಮುಟ್ಟಬೇಡಿ, ಫೋಟೋ ತೆಗೆಯಿರಿ, ನಾಯಿ ಬರದ ಹಾಗೆ ನೋಡಿಕೊಳ್ಳಿ, ಈ ನಂಬರಿಗೆ ಹೇಳಿ ಅಂತ.

ಪರೀಕ್ಷೆಯ ಫಲಿತಾಂಶವನ್ನು ದಯವಿಟ್ಟು ಊರಿಗೆ ತಿಳಿಸಿ. ಏನೂ ಇಲ್ಲ ಅಂತ ಬಂದರೂ ತಿಳಿಸಿ. ದೂರು ಕೊಟ್ಟವರಿಗೆ ಏನಾಯಿತು ಅಂತ ಗೊತ್ತಾಗದಿದ್ದರೆ ಮುಂದಿನ ಸಲ ಅವರು ಹೇಳುವುದಿಲ್ಲ.

ಇದೆಲ್ಲ ಹೊರಗೆ ಬಂದರೆ ಕೋಳಿ ಬೆಲೆ ಬೀಳುತ್ತದೆ ಅನ್ನುವ ಭಯ ಇದೆ. ಆ ಭಯ ಸುಳ್ಳಲ್ಲ. ನಮ್ಮೂರಲ್ಲೇ ಸಾಲ ಮಾಡಿ ಫಾರಂ ಹಾಕಿದವರಿದ್ದಾರೆ, ಅವರ ಹೊಟ್ಟೆ ಮೇಲೆ ಹೊಡೆಯುವ ಮಾತು ನಾನು ಆಡುವುದಿಲ್ಲ. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆ ತಿಂದರೆ ಈ ರೋಗ ಬರುವುದಿಲ್ಲ, 70 ಡಿಗ್ರಿ ಶಾಖಕ್ಕೆ ವೈರಸ್ ಸಾಯುತ್ತದೆ. ಇದನ್ನು ಜಿಲ್ಲಾಡಳಿತವೇ ಮುಂಚೆ ಗಟ್ಟಿಯಾಗಿ ಹೇಳಬೇಕು. ಕೆರೆಯಲ್ಲಿ ಬೇಗ ಗೊತ್ತಾದರೆ ಫಾರಂನವರು ಬಲೆ ಬಿಗಿ ಮಾಡಿಕೊಳ್ಳಬಹುದು, ಕೆರೆ ನೀರು ಕುಡಿಸುವುದು ನಿಲ್ಲಿಸಬಹುದು. ತಡವಾಗಿ ಗೊತ್ತಾದರೆ ಸಾವಿರಾರು ಕೋಳಿ ಕೊಂದು ಹೂಳಬೇಕಾಗುತ್ತದೆ. ಮುಚ್ಚಿಟ್ಟರೆ ಅವರಿಗೇ ನಷ್ಟ.

ಹಕ್ಕಿಗಳ ಪರವಾಗಿ ಒಂದು ಮಾತು. ರೋಗ ಅಂತ ಗೊತ್ತಾದ ಕೂಡಲೇ ಪಟಾಕಿ ಹೊಡೆದು ಓಡಿಸಿ, ಮರ ಕಡಿಯಿರಿ, ಗೂಡು ಕೆಡವಿ ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಹಾಗೆ ಮಾಡಿದರೆ ರೋಗದ ಹಕ್ಕಿ ಪಕ್ಕದ ಕೆರೆಗೆ ಹೋಗಿ ಕೂರುತ್ತದೆ, ಒಂದು ಕೆರೆಯ ರೋಗ ಹತ್ತು ಕೆರೆಗೆ ಹೋಗುತ್ತದೆ. ಇದನ್ನು ತಮ್ಮ ಆದೇಶದಲ್ಲೇ ಸ್ಪಷ್ಟವಾಗಿ ಬರೆಯಬೇಕು ಅಂತ ಕೈ ಮುಗಿದು ಕೇಳುತ್ತೇನೆ. ಹಕ್ಕಿಗಳು ರೋಗ ತರಬೇಕು ಅಂತ ಬರುವುದಿಲ್ಲ. ಅವುಗಳೂ ಸಾಯುತ್ತಿವೆ. ಆ ಸಿಳ್ಳೆಬಾತು ತಲೆ ನೀರಿಗಿಟ್ಟದ್ದನ್ನು ನೋಡಿದ ಮೇಲೆ ನನಗೆ ಬೇರೆ ಥರ ಯೋಚಿಸುವುದಕ್ಕೆ ಆಗುತ್ತಿಲ್ಲ.

ಮಳೆಗಾಲ ಮುಗಿದು ನವೆಂಬರ್ ಬಂದರೆ ಮತ್ತೆ ಬಾತುಗಳು ಬರುತ್ತವೆ. ಅಷ್ಟರೊಳಗೆ ಆ ಒಂದು ನಂಬರು ಕೊಡಿ. ನಮ್ಮ ಶಾಲೆಯ ಕೆರೆ ಕಡೆಯ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ನನ್ನ ಖರ್ಚಿನಲ್ಲೇ ಬರೆಸುತ್ತೇನೆ. ನನ್ನ ನಾಲ್ಕು ನೋಟ್‌ಬುಕ್ಕುಗಳನ್ನು ತಾವು ಯಾರನ್ನು ಕಳಿಸಿದರೂ ಅವರ ಕೈಗೆ ಕೊಡುತ್ತೇನೆ, ನೆರಳಚ್ಚು ಮಾಡಿಕೊಂಡು ವಾಪಸ್ ಕೊಟ್ಟರೆ ಸಾಕು. ಹಕ್ಕಿಗಳನ್ನು ಹೂತ ಜಾಗಕ್ಕೆ ಒಂದು ಕಲ್ಲು ನೆಟ್ಟಿದ್ದೇವೆ, ಬಂದು ನೋಡುವುದಾದರೆ ಅದನ್ನೂ ತೋರಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಾಲಾ ಶಿಕ್ಷಕಿ,
ಸೊರಬ ತಾಲ್ಲೂಕು